ಅಂಚೆಯಲ್ಲಿ ಬಂದ ಲಿನಕ್ಸ್

ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ರಚಿಸಿದ ಲಿನಕ್ಸ್ ಗಣಕದ ಅಂತರಂಗವನ್ನು ಆಳುವ ಕರ್ನಲ್ ಮಾತ್ರ. ಅದಕ್ಕೆ ಗ್ನೂ ಯೋಜನೆಯ ಉಪಕರಣಗಳನ್ನೂ ಇತರ ತಂತ್ರಾಂಶಗಳನ್ನೂ ಕೂಡಿಸಿ, ಸಾಮಾನ್ಯನೂ ತನ್ನ ಯಂತ್ರದಲ್ಲಿ ಸ್ಥಾಪಿಸಿಕೊಳ್ಳುವಂತೆ ಅಣಿಮಾಡಿದ ಸಂಕಲನಗಳೇ ಡಿಸ್ಟ್ರೋಗಳು. 1993ರಲ್ಲಿ ಸ್ಲ್ಯಾಕ್‌ವೇರ್, ಡೆಬಿಯನ್‌ಗಳು ಹುಟ್ಟಿದವು. ರೆಡ್ ಹ್ಯಾಟ್, ಮ್ಯಾಂಡ್ರೇಕ್ ಮೊದಲಾದವು ಅವನ್ನು ಹಿಂಬಾಲಿಸಿದವು.

ಇವು ನಮ್ಮ ನಾಡಿಗೆ ತಂತಿಯ ಮೂಲಕ ಬಂದುದಕ್ಕಿಂತ ಅಂಚೆಯ ಮೂಲಕ ಬಂದುದೇ ಹೆಚ್ಚು. 650 ಎಂಬಿಯ ಒಂದು ಸಿಡಿಯನ್ನು 56 ಕೆಬಿಪಿಎಸ್ ಡಯಲ್‌ಅಪ್ ಸಂಪರ್ಕದಲ್ಲಿ ಇಳಿಸಿಕೊಳ್ಳಲು, ನಡುವೆ ಫೋನು ಒಮ್ಮೆಯೂ ಕಡಿಯದಿದ್ದರೂ, ಒಂದು ಹಗಲು ಒಂದು ರಾತ್ರಿ ಸಾಲದಾಗಿದ್ದ ಕಾಲದಲ್ಲಿ, ಪಿಸಿಕ್ವೆಸ್ಟ್ ಪತ್ರಿಕೆ ಬೆಂಗಳೂರಿನ ಅತುಲ್ ಚಿಟ್ನಿಸ್ ಅವರ ಮುತುವರ್ಜಿಯಿಂದ 1996ರಿಂದ ಲಿನಕ್ಸ್ ಸಿಡಿಗಳನ್ನು ಓದುಗರಿಗೆ ಹಂಚತೊಡಗಿತು. ಪ್ರತಿ ಮಾಡಿ ಕೊಡಲು ಜಿಪಿಎಲ್ ಪರವಾನಗಿ ಅನುಮತಿ ನೀಡಿತ್ತು; ಕೊಡಲೇಬೇಕಾದ ಅನಿವಾರ್ಯತೆಯನ್ನು ನೀಡಿದುದು ನಮ್ಮ ಜಾಲದ ದಾರಿದ್ರ್ಯ. ಹೀಗೆ ಒಂದನ್ನು ಸ್ಥಾಪಿಸಿ, ಅಳಿಸಿ, ಮತ್ತೊಂದನ್ನು ಪರೀಕ್ಷಿಸುವ ಹವ್ಯಾಸವು ಏಕಾಂತದ ಕುತೂಹಲವಾಗಿ ಉಳಿಯದೆ ಕೈಯಿಂದ ಕೈಗೆ ಸಾಗುವ ಸಂಪ್ರದಾಯವಾಯಿತು. 2001ರಲ್ಲಿ ಆರಂಭವಾಗಿ 2005ರಲ್ಲಿ ಫಾಸ್ ಡಾಟ್ ಇನ್ ಎಂಬ ಹೆಸರು ತಳೆದ ಲಿನಕ್ಸ್ ಬೆಂಗಳೂರು ಸಮ್ಮೇಳನ ಇಂತಹ ಆಸಕ್ತರನ್ನು ಒಂದೆಡೆ ಕಲೆಹಾಕಿತು. ಸ್ಥಾಪಿಸದೆಯೇ ಸಿಡಿಯಿಂದ ನೇರವಾಗಿ ಓಡುವ ಕ್ನಾಪಿಕ್ಸ್ ಬಂದಮೇಲೆ, ಇದ್ದ ಕಡತಗಳು ಅಳಿದಾವೆಂಬ ಭಯವೂ ದೂರವಾಯಿತು. 2004ರಲ್ಲಿ ಜನಿಸಿದ ಉಬುಂಟು, ಕೇಳಿದವರ ಮನೆಗೆ 2011ರವರೆಗೂ ಉಚಿತವಾಗಿ ಸಿಡಿ ಕಳುಹಿಸಿತು. ಹರಪನಹಳ್ಳಿ ಸೀಮೆಯ ತೆಲಿಗಿಯಂತಹ ಊರಿಗೆ ವೇಗದ ಅಂತರ್ಜಾಲ ಬಾರದಿದ್ದರೂ ಅಂಚೆಯಣ್ಣ ಬರುತ್ತಿದ್ದನಷ್ಟೆ.

ಆದರೆ ಕನ್ನಡಿಗನಿಗೆ ಇನ್ನೊಂದು ಪರೀಕ್ಷೆಯಿತ್ತು. ಒತ್ತಕ್ಷರವು ವ್ಯಂಜನದ ಕೆಳಗೆ ಸರಿಯಾಗಿ ಕೂಡುವುದೇ, ಕೊಂಬು ದೀರ್ಘಗಳು ಸ್ವಸ್ಥಾನದಲ್ಲಿ ನಿಲ್ಲುವುವೇ ಎಂಬುದನ್ನು ಆತ ಪ್ರತಿಯೊಂದು ಡಿಸ್ಟ್ರೋದಲ್ಲಿಯೂ ನೋಡಬೇಕಾಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಕೇದಗೆ, ಮಲ್ಲಿಗೆ ಅಕ್ಷರವಿನ್ಯಾಸಗಳು ಜಿಪಿಎಲ್ ಅಡಿಯಲ್ಲಿ ದೊರೆತುದು, ಈ ಪರೀಕ್ಷೆಯಲ್ಲಿ ಹಲವು ಡಿಸ್ಟ್ರೋಗಳು ಉತ್ತೀರ್ಣವಾಗಲು ನೆರವಾಯಿತು. ಅತ್ತ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಆಯ್ಕೆಯ ಗೊಡವೆಯಿರಲಿಲ್ಲ; ಕೇರಳ ಸರಕಾರ 2001ರಲ್ಲಿ ತೊಡಗಿದ ಐಟಿ@ಸ್ಕೂಲ್ ಯೋಜನೆ ಮುಂದೆ ಲಿನಕ್ಸನ್ನೇ ಶಾಲೆಗಳಿಗೆ ಒದಗಿಸಿ, ಹವ್ಯಾಸಿಗಳ ವಿನೋದವಾಗಿದ್ದುದನ್ನು ಪಾಠವಾಗಿಸಿತು.

ಇಂದು ಡಿಸ್ಟ್ರೋವೊಂದು ನಿಮಿಷಗಳಲ್ಲಿ ಇಳಿಯುತ್ತದೆ, ಇಳಿಸಿಕೊಂಡವನು ಯಾರನ್ನೂ ಕೇಳಬೇಕಾಗಿಲ್ಲ. ಈ ಚರಿತ್ರೆಯನ್ನು ಆವೃತ್ತಿಗಳ ಪಟ್ಟಿಯಾಗಿ ಬರೆಯುವುದು ಸುಲಭ; ನಮ್ಮ ನಾಡಿನ ಮಟ್ಟಿಗೆ ಮಾತ್ರ, ಪ್ರತಿ ಮಾಡಿ ಕೊಟ್ಟವರನ್ನೂ ಒತ್ತಕ್ಷರವನ್ನು ತಿದ್ದಿದವರನ್ನೂ ಬಿಟ್ಟು ಬರೆದರೆ ಅದು ಅಪೂರ್ಣವಾದೀತು.