ಕಂಪ್ಯೂಟರ್ ಓದಿಗೆ ಹೆಣ್ಣುಮಕ್ಕಳು ಬಂದ ದಾರಿಗಳು

ಅಮೆರಿಕದಲ್ಲಿ ಕಂಪ್ಯೂಟರ್ ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಮಹಿಳೆ ಒಬ್ಬ ಕ್ರೈಸ್ತ ಸನ್ಯಾಸಿನಿ ಎಂದರೆ ಹಲವರಿಗೆ ಅಚ್ಚರಿಯಾಗಬಹುದು. ಅವರು ಸಿಸ್ಟರ್ ಮೇರಿ ಕೆನೆತ್ ಕೆಲ್ಲರ್. 1965ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಈ ಪದವಿ ಪಡೆದಾಗ ಅವರಿಗೆ 51 ವರ್ಷ. ಅದೇ ವರ್ಷ ಅಯೋವಾ ರಾಜ್ಯದ ಕ್ಲಾರ್ಕ್ ಮಹಿಳಾ ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗವನ್ನು ಆರಂಭಿಸಿ 20 ವರ್ಷ ನಡೆಸಿದರು. ತಾಯಂದಿರಾದ ವಿದ್ಯಾರ್ಥಿನಿಯರಿಗೆ, ಕೂಸನ್ನೂ ತರಗತಿಗೆ ಕರೆತನ್ನಿ ಎನ್ನುತ್ತಿದ್ದರಂತೆ.

ಇಂಥ ಆರಂಭವಿದ್ದ ದೇಶದಲ್ಲಿ ಮುಂದೆ ಆದದ್ದೇ ಬೇರೆ. 1984ರ ಸುಮಾರಿಗೆ ಅಲ್ಲಿ ಕಂಪ್ಯೂಟರ್ ವಿಜ್ಞಾನದ ಪದವೀಧರರಲ್ಲಿ ಶೇಕಡ 37ರಷ್ಟು ಮಹಿಳೆಯರಿದ್ದರು. ಆಮೇಲಿನ ದಶಕಗಳಲ್ಲಿ ಅದು ಶೇಕಡ 18ರ ಆಸುಪಾಸಿಗೆ ಇಳಿಯಿತು. ಪದವಿಯಲ್ಲೇ ಹುಡುಗಿಯರಿಲ್ಲದಿದ್ದರೆ ಸ್ನಾತಕೋತ್ತರಕ್ಕೆ ಎಲ್ಲಿಂದ ಬರಬೇಕು? ಎಂಬತ್ತರ ದಶಕದಲ್ಲಿ ಮನೆಗೆ ಬಂದ ಕಂಪ್ಯೂಟರನ್ನು ಹುಡುಗರ ಆಟಿಕೆಯೆಂಬಂತೆ ಮಾರಿದ್ದು ಇದಕ್ಕೆ ಒಂದು ಮುಖ್ಯ ಕಾರಣ. ಹುಡುಗರು ಆಗಲೇ ಪಳಗಿ ಕಾಲೇಜಿಗೆ ಬರುತ್ತಿದ್ದರು. ಹುಡುಗಿಯರಿಗೆ ತಾವು ಹಿಂದೆ ಬಿದ್ದೆವೆನ್ನಿಸುತ್ತಿತ್ತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಪ್ರವೇಶದಲ್ಲಿ ಹಿಂದಿನ ಪ್ರೋಗ್ರಾಮಿಂಗ್ ಅನುಭವಕ್ಕಿದ್ದ ಮಹತ್ವವನ್ನು ತೆಗೆದುಹಾಕಿ, ಹೊಸಬರಿಗೆ ಬೇರೆ ಮಟ್ಟದ ಪಾಠಗಳನ್ನು ಇಟ್ಟಿತು. 1995ರಲ್ಲಿ ಶೇಕಡ 7ರಷ್ಟಿದ್ದ ವಿದ್ಯಾರ್ಥಿನಿಯರ ಪ್ರವೇಶ 2000ದ ಹೊತ್ತಿಗೆ ಶೇಕಡ 42ಕ್ಕೆ ಏರಿತು. ಹುಡುಗಿಯರ ಬುದ್ಧಿ ಬದಲಾಗಿರಲಿಲ್ಲ, ಬದಲಾದದ್ದು ಬಾಗಿಲು.

ಮಲೇಷ್ಯಾದ ಕಥೆ ಇನ್ನೊಂದು. ಕೌಲಾಲಂಪುರದ ಮಲಯಾ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿ ವಿದ್ಯಾರ್ಥಿನಿಯರೇ ಹೆಚ್ಚು. ನಾರ್ವೆಯ ಸಂಶೋಧಕಿ ವಿವಿಯನ್ ಲಾಗೆಸೆನ್ ಅವರನ್ನು ಮಾತನಾಡಿಸಿದಾಗ ಸಿಕ್ಕ ಉತ್ತರ ಸರಳ: ಇದು ಒಳಗೆ ಕೂತು ಮಾಡುವ ಕೆಲಸ, ಸುರಕ್ಷಿತ, ಹೆಣ್ಣಿಗೆ ಹೊಂದುತ್ತದೆ.

ಈ ಮಾತು ನಮಗೆ ಹೊಸದೇ? ನಾನು ಎಂ.ಸಿ.ಎ. ಸೇರುವಾಗ ನಮ್ಮ ಮನೆಯಲ್ಲೂ ಹಿರಿಯರು ಹೇಳಿದ್ದು ಇದನ್ನೇ: "ಬಿಸಿಲಲ್ಲಿ ಅಲೆಯೋದಿಲ್ಲ, ನೆರಳಲ್ಲಿ ಕೂತು ಮಾಡೋ ಕೆಲಸ." ಎಂಜಿನಿಯರಿಂಗಿಗೆ ದೂರದ ಊರಿಗೆ ಕಳುಹಿಸಲೊಪ್ಪದ ಮನೆಗಳ ಹುಡುಗಿಯರಿಗೆ, ಗಣಿತ ಓದಿ ಪದವಿ ಮುಗಿಸಿದ ಮೇಲೆ ಸಿಗುತ್ತಿದ್ದ ಮೂರು ವರ್ಷದ ಎಂ.ಸಿ.ಎ. ಎರಡನೇ ಅವಕಾಶವಾಯಿತು. ಅದರಿಂದಲೇ ನನ್ನಂಥವರು ಪರವೂರಿನಲ್ಲಿ ಸ್ವಂತ ಸಂಬಳ ಎಣಿಸಿದೆವು.

ಆದರೆ ಅನುಮತಿ ಕೊಟ್ಟ ಕಾರಣವೇ ಬೇಲಿಯೂ ಆಯಿತು. ಕೆಲಸ ಸಿಕ್ಕಿತಲ್ಲ, ಇನ್ನೂ ಓದು ಯಾಕೆ ಎಂಬ ಪ್ರಶ್ನೆ ಬಂತು. ನಾನೂ, ನನ್ನ ಸಹಪಾಠಿನಿಯರೂ ಪಿಎಚ್.ಡಿ. ಮಾತೆತ್ತಿದಾಗ ಮದುವೆ ಮಾತು ಮುಂದೆ ಬಂತು. "ಹೆಣ್ಣಿಗೆ ಹೊಂದುತ್ತದೆ" ಎಂಬ ವಾದ ಉದ್ಯೋಗದ ತನಕ ಜೊತೆಗೆ ಬರುತ್ತದೆ, ಸಂಶೋಧನೆಯ ಹೊಸ್ತಿಲಲ್ಲಿ ಕೈಬಿಡುತ್ತದೆ.

ಹೀಗಾಗಿ, ನಮ್ಮ ಬಳಗದ ಮಗಳೋ ಸೊಸೆಯೋ ಇನ್ನೂ ಓದುತ್ತೇನೆ ಎಂದರೆ, ಹೊಂದುತ್ತದೆಯೇ ಎಂದು ಕೇಳುವುದು ಬೇಡ. ಏನನ್ನು ತಿಳಿಯಬೇಕೆಂದಿದ್ದೀಯಮ್ಮ ಎಂದು ಕೇಳೋಣ. ಕೂಸಿದ್ದರೆ ಅದನ್ನು ಎರಡು ಗಂಟೆ ನೋಡಿಕೊಳ್ಳಲು ನಾವಿದ್ದೇವಲ್ಲ.