ಶಬ್ದಮೂಲವೂ ಕಟ್ಟುಕಥೆಯೂ

ಶಬ್ದಗಳಿಗೆ ಮೂಲವನ್ನು ಕಲ್ಪಿಸುವ ಚಪಲವು ಎಲ್ಲ ಜನಾಂಗಗಳಲ್ಲಿಯೂ ಉಂಟು. ಪರಿಚಿತವಾದ ಮಾತಿಗೆ ಸೊಗಸಾದ ಕಥೆಯೊಂದು ದೊರೆತರೆ ಮನಸ್ಸಿಗೆ ತೃಪ್ತಿಯಾಗುವುದು. ಆ ಕಥೆಯು ನಿಜವೋ ಸುಳ್ಳೋ ಎಂದು ವಿಚಾರಿಸುವವರು ವಿರಳ. ಇಂಗ್ಲಿಷ್ ಭಾಷೆಯಲ್ಲಿ ಇಂತಹ ಕಥೆಗಳು ಹೇರಳವಾಗಿವೆ. ಆ ದೇಶದವರು ಮಾಂಸದ ಒಂದು ಖಂಡವನ್ನು 'ಸರ್ಲಾಯ್ನ್' ಎಂದು ಕರೆಯುವರು. ಭೋಜನಕ್ಕೆ ಕುಳಿತ ಅರಸನೊಬ್ಬನು ಅದರ ರುಚಿಗೆ ಮರುಳಾಗಿ, ಒರೆಯಿಂದ ಕತ್ತಿಯನ್ನು ಹಿರಿದು, ಆ ಖಂಡಕ್ಕೆ 'ಸರ್' ಎಂಬ ಬಿರುದನ್ನು ದಯಪಾಲಿಸಿದನೆಂದು ಪ್ರತೀತಿ. ಆತನು ಎಂಟನೆಯ ಹೆನ್ರಿಯೆಂದು ಕೆಲವರು, ಒಂದನೆಯ ಜೇಮ್ಸನೆಂದು ಕೆಲವರು, ಎರಡನೆಯ ಚಾರ್ಲ್ಸನೆಂದು ಮತ್ತೆ ಕೆಲವರು. ಒಂದೇ ಬಿರುದಿಗೆ ಮೂವರು ದಾತೃಗಳು ಹುಟ್ಟಿಕೊಂಡಾಗಲೇ ಸಂಶಯವು ತಲೆದೋರಬೇಕಾಗಿತ್ತು. ವಾಸ್ತವವಾಗಿ ಈ ಮಾತು ಫ್ರೆಂಚರಿಂದ ಬಂದುದು. 'ಸೊಂಟದ ಮೇಲಣ ಭಾಗ' ಎಂದಷ್ಟೇ ಅದರ ಅರ್ಥ. ಆದರೂ ಕಥೆಯ ಬಲವು ಸಾಮಾನ್ಯವಾದುದಲ್ಲ. ಮೊದಲು 'ಯು' ಅಕ್ಷರದಿಂದ ಬರೆಯಲ್ಪಡುತ್ತಿದ್ದ ಶಬ್ದವು ಬಿರುದಿನ ಸಹವಾಸದಿಂದ 'ಐ' ಅಕ್ಷರಕ್ಕೆ ತಿರುಗಿ, ಇಂದಿಗೂ ಹಾಗೆಯೇ ಉಳಿದಿದೆ.

ಇಂತಹ ಕಥೆಗಳನ್ನು ಒರೆಗೆ ಹಚ್ಚುವ ಸಾಧನವು ದೊರೆತದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1857ರಲ್ಲಿ ಲಂಡನ್ನಿನ ಭಾಷಾಶಾಸ್ತ್ರ ಸಂಘದವರು ಅದುವರೆಗಿನ ನಿಘಂಟುಗಳ ಕೊರತೆಗಳನ್ನು ಮನಗಂಡು ಹೊಸ ನಿಘಂಟಿನ ಯೋಚನೆಯನ್ನು ಕೈಗೊಂಡರು. 1879ರಲ್ಲಿ ಅದರ ಸಂಪಾದಕತ್ವವನ್ನು ವಹಿಸಿದ ಜೇಮ್ಸ್ ಮರೆ ಎಂಬ ವಿದ್ವಾಂಸನು ತನ್ನ ಮನೆಯ ತೋಟದಲ್ಲಿ ತಗಡಿನ ಕೊಟ್ಟಿಗೆಯೊಂದನ್ನು ಕಟ್ಟಿಸಿ, ಗೋಡೆಯುದ್ದಕ್ಕೂ ಗೂಡುಗಳನ್ನು ಮಾಡಿಸಿದನು. ಸಾವಿರಾರು ವಾಚಕರು ಹಳೆಯ ಗ್ರಂಥಗಳನ್ನು ಓದಿ, ಶಬ್ದವನ್ನೂ ಅದು ಬಂದ ವಾಕ್ಯವನ್ನೂ ಗ್ರಂಥದ ವರ್ಷವನ್ನೂ ಚೀಟಿಗಳಲ್ಲಿ ಬರೆದು ಕಳುಹಿಸಿದರು. ಆ ಚೀಟಿಗಳನ್ನು ಅಕಾರಾದಿಯಾಗಿ ವಿಂಗಡಿಸುವ ಕೆಲಸಕ್ಕೆ ಮರೆಯ ಮಕ್ಕಳೂ ಕೈಹಚ್ಚಿ ಪುಡಿಗಾಸು ಸಂಪಾದಿಸುತ್ತಿದ್ದರು. 1915ರಲ್ಲಿ ಮರೆಯು ತೀರಿಕೊಂಡನು. ಗ್ರಂಥವು ಮುಗಿದದ್ದು 1928ರಲ್ಲಿ. ನಾಲ್ಕು ಲಕ್ಷಕ್ಕೂ ಮಿಕ್ಕ ಶಬ್ದಗಳು, ಹದಿನೆಂಟು ಲಕ್ಷಕ್ಕೂ ಹೆಚ್ಚು ಉದಾಹರಣೆಗಳು! ಇಷ್ಟು ಪರಿಶ್ರಮದಿಂದ ಸ್ಥಿರಪಟ್ಟ ನಿಯಮವಾದರೋ ಅತಿ ಸರಳವಾದುದು: ಶಬ್ದದ ಪ್ರಾಚೀನತಮ ಪ್ರಯೋಗವು ಯಾವ ವರ್ಷದ್ದೆಂಬುದನ್ನು ಮೊದಲು ತೋರಿಸಬೇಕು, ಕಥೆಯನ್ನು ಆಮೇಲೆ ಕೇಳಬೇಕು.

ಈ ನಿಯಮವು ಎಲ್ಲ ಕಥೆಗಳನ್ನೂ ಕೊಲ್ಲುವುದೆಂದು ಭಾವಿಸಬಾರದು. ಲೋಕಪ್ರಸಿದ್ಧವಾದ 'ಓಕೆ' ಎಂಬುದನ್ನೇ ತೆಗೆದುಕೊಳ್ಳಬಹುದು. ಇದು ಅಮೆರಿಕದ ಚಾಕ್ಟಾ ಎಂಬ ಮೂಲನಿವಾಸಿಗಳ ಭಾಷೆಯದೆಂದು ಒಂದು ಪಕ್ಷವಿತ್ತು. ಅಧ್ಯಕ್ಷನಾಗಿದ್ದ ವುಡ್ರೋ ವಿಲ್ಸನ್ನನು ಇದನ್ನು ನಂಬಿ, ಕಡತಗಳ ಮೇಲೆ ಆ ಭಾಷೆಯ ಕಾಗುಣಿತದಂತೆಯೇ ಒಪ್ಪಿಗೆ ಬರೆಯುತ್ತಿದ್ದನು. ಆದರೆ ಆಲನ್ ವಾಕರ್ ರೀಡ್ ಎಂಬ ಪಂಡಿತನು ಹಳೆಯ ಪತ್ರಿಕೆಗಳನ್ನು ಶೋಧಿಸಿ, 1963-64ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ಈ ವಿವಾದಕ್ಕೆ ತೆರೆಯೆಳೆದನು. 'ಎಲ್ಲವೂ ಸರಿ' ಎಂಬರ್ಥದ ಇಂಗ್ಲಿಷ್ ಮಾತನ್ನು ಬೇಕೆಂದೇ ತಪ್ಪು ಕಾಗುಣಿತದಲ್ಲಿ ಬರೆದು, ಅದರ ಮೊದಲಕ್ಷರಗಳನ್ನು ಮಾತ್ರ ಅಚ್ಚು ಹಾಕುವ ವಿನೋದವು ಆಗ ಬಾಸ್ಟನ್ ಪಟ್ಟಣದ ಪತ್ರಿಕೆಗಳಲ್ಲಿ ನಡೆದಿತ್ತು. 1839ನೆಯ ಮಾರ್ಚ್ 23ರ 'ಬಾಸ್ಟನ್ ಮಾರ್ನಿಂಗ್ ಪೋಸ್ಟ್' ಪತ್ರಿಕೆಯಲ್ಲಿ 'ಓಕೆ'ಯು ಹೀಗೆ ಕಾಣಿಸಿಕೊಂಡಿತು. ಇಂತಹ ತಮಾಷೆಗಳು ಬಹುಬೇಗ ಸಾಯುವುವು. ಇದು ಬದುಕಿದ್ದಕ್ಕೆ ಮರುವರ್ಷದ ಚುನಾವಣೆಯೇ ಕಾರಣ. ಅಭ್ಯರ್ಥಿಯಾಗಿದ್ದ ಮಾರ್ಟಿನ್ ವ್ಯಾನ್ ಬ್ಯೂರೆನ್ನನನ್ನು ಅವನ ಜನ್ಮಸ್ಥಳದ ಹೆಸರಿನಿಂದ 'ಓಲ್ಡ್ ಕಿಂಡರ್‌ಹುಕ್' ಎಂದು ಕರೆಯುತ್ತಿದ್ದ ಬೆಂಬಲಿಗರು ಅದೇ ಎರಡಕ್ಷರಗಳನ್ನು ತಮ್ಮ ಕೂಟದ ಘೋಷಣೆಯನ್ನಾಗಿ ಮಾಡಿಕೊಂಡರು. ಅಭ್ಯರ್ಥಿಯು ಸೋತನು, ಘೋಷಣೆಯು ಭೂಮಂಡಲವನ್ನೇ ಗೆದ್ದಿತು.

ಇದಕ್ಕೆ ವಿಪರೀತವಾದ ಗತಿ 'ಪಾಷ್' ಎಂಬ ಮಾತಿನದು. ಸಿರಿವಂತಿಕೆಯ ಬೆಡಗನ್ನು ಸೂಚಿಸುವ ಈ ಶಬ್ದದ ಕಥೆಗೂ ಹಿಂದೂದೇಶಕ್ಕೂ ನಂಟುಂಟು. ಇಂಗ್ಲೆಂಡಿನಿಂದ ಇಲ್ಲಿಗೆ ಬರುವ ಹಡಗು ಕೆಂಪು ಸಮುದ್ರವನ್ನು ದಾಟಿ ಪೂರ್ವಾಭಿಮುಖವಾಗಿ ಸಾಗುವಾಗ ಬಲಬದಿಗೆ ಬಿಸಿಲು, ಎಡಬದಿಗೆ ನೆರಳು. ಹಿಂದಿರುಗುವಾಗ ಇದು ಅದಲುಬದಲು. ಆದಕಾರಣ ಹಣವುಳ್ಳವರು ಹೋಗುವಾಗ ಎಡಗಡೆಯ, ಬರುವಾಗ ಬಲಗಡೆಯ ಕೋಣೆಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದರಂತೆ. 'ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್' ಎಂಬುದರ ನಾಲ್ಕು ಮೊದಲಕ್ಷರಗಳನ್ನು ಪೆನಿನ್ಸುಲರ್ ಅಂಡ್ ಓರಿಯೆಂಟಲ್ ಕಂಪನಿಯವರು ಅವರ ಟಿಕೆಟ್ಟುಗಳ ಮೇಲೆ ಮುದ್ರೆಯೊತ್ತುತ್ತಿದ್ದರಂತೆ. ಬಿಸಿಲಿನ ಲೆಕ್ಕವು ಸರಿಯಾಗಿದೆ. ನಾವಿಕರ ಪರಿಭಾಷೆಯೂ ಸರಿಯಾಗಿದೆ. ಈ ಕಥೆಯು ಇಷ್ಟು ಕಾಲ ಬಾಳಿದ್ದು ಈ ಯುಕ್ತಿಯುಕ್ತತೆಯಿಂದಲೇ.

ಆದರೆ ಅಂತಹ ಮುದ್ರೆಯುಳ್ಳ ಟಿಕೆಟ್ಟು ಒಂದಾದರೂ ಈವರೆಗೆ ಬೆಳಕಿಗೆ ಬಂದಿಲ್ಲ. ಹಳೆಯ ಚೀಟಿಗಳನ್ನೂ ಪತ್ರಗಳನ್ನೂ ಜೋಪಾನವಾಗಿ ಕಾಪಾಡುವ ಜನರಲ್ಲಿ ಇದೊಂದು ಮಾತ್ರ ನಿಶ್ಶೇಷವಾಗಿ ನಾಶವಾಯಿತೆಂದು ನಂಬುವುದು ಕಷ್ಟ. ಈಗಿನ ಅರ್ಥದಲ್ಲಿ ಶಬ್ದವು ಅಚ್ಚಿನಲ್ಲಿ ಕಾಣುವುದು 1914ರ ಮಹಾಯುದ್ಧದ ಕಾಲಕ್ಕೆ; ಹಡಗಿನ ಕಥೆಯು ಕಾಣುವುದು 1930ರ ದಶಕದಲ್ಲಿ. ಮಗುವಿಗಿಂತ ಜಾತಕವು ಇಪ್ಪತ್ತು ವರ್ಷ ಕಿರಿಯದಾಯಿತು! ಮೊದಲಕ್ಷರಗಳನ್ನು ಪೋಣಿಸಿ ಒಂದೇ ಶಬ್ದದಂತೆ ಉಚ್ಚರಿಸುವ ಪದ್ಧತಿಯೂ ಆ ಭಾಷೆಯಲ್ಲಿ ಹಳೆಯದಲ್ಲ; ಅಂತಹ ಶಬ್ದಗಳಿಗೆ ಇಂಗ್ಲಿಷಿನಲ್ಲಿ ಪ್ರತ್ಯೇಕವಾದ ಹೆಸರು ರೂಢಿಗೆ ಬಂದದ್ದು 1940ರ ದಶಕದಲ್ಲಿ.

ಹಾಗಾದರೆ ನಿಜವಾದ ಮೂಲವೇನು? 'ಪಾಷ್' ಎಂಬ ಮಾತು ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ಬೀದಿಗಳಲ್ಲಿ ಪುಡಿಗಾಸಿಗೆ ಸಲ್ಲುತ್ತಿತ್ತು. ಶೋಕಿಲಾಲನೆಂಬ ಅರ್ಥವೂ ಆ ಶತಮಾನದ ಕಡೆಯ ಭಾಗದ ಗ್ರಾಮ್ಯಕೋಶದಲ್ಲಿ ದಾಖಲೆಯಾಗಿದೆ. ಪುಡಿಗಾಸಿನ ಮಾತನ್ನು ಯೂರೋಪಿನ ಅಲೆಮಾರಿಗಳಾದ ರೋಮಾನಿ ಜನರ ಭಾಷೆಯಲ್ಲಿ 'ಅರ್ಧ' ಎಂಬರ್ಥವುಳ್ಳ ಶಬ್ದದಿಂದ ಸಾಧಿಸುವರು. ಆ ಭಾಷೆಯು ಶತಮಾನಗಳ ಹಿಂದೆ ಹಿಂದೂದೇಶದಿಂದ ಹೊರಟುಹೋದುದೆಂಬುದು ವಿದ್ವಾಂಸರ ಸಿದ್ಧಾಂತ. ದೊರೆಗಳ ಹಡಗಿನಲ್ಲಿ ಹುಡುಕಿದ ಭಾರತದ ನಂಟು ಅಲೆಮಾರಿಗಳ ಬಂಡಿಯಲ್ಲಿ ಸಿಕ್ಕೀತೇನೋ! ಆದರೆ ಅರೆಕಾಸಿನಿಂದ ಶೋಕಿಗೆ, ಶೋಕಿಯಿಂದ ಸಿರಿವಂತಿಕೆಗೆ ಸಾಗುವ ದಾರಿಯಲ್ಲಿ ಚೀಟಿಗಳು ಸಾಲದಾಗಿವೆ. ಹೀಗಾಗಿ ಕೋಶಕಾರರು ಹಡಗಿನ ಕಥೆಯನ್ನು ತಳ್ಳಿಹಾಕಿದ್ದರೂ, ಅದರ ಸ್ಥಾನದಲ್ಲಿ ಬೇರೊಂದನ್ನು ಕೂರಿಸದೆ, ಮೂಲದ ಪ್ರಶ್ನೆಯನ್ನು ತೆರೆದೇ ಇಟ್ಟಿದ್ದಾರೆ.