ಮೂಡಿಗೆರೆ ಸೀಮೆಯ ಮನೆಗೋಡೆಗಳೂ ನೆಲದ ತೇವವೂ

ಮನೆಗಳ ಇತಿಹಾಸವನ್ನು ಬರೆಯುವವರು ಕಂಬ, ಬಾಗಿಲು, ತೊಲೆಗಳ ಕೆತ್ತನೆಯನ್ನು ವರ್ಣಿಸಿ ಗೋಡೆಯ ಬುಡವನ್ನು ಮರೆಯುವುದುಂಟು. ಮಲೆನಾಡಿನಲ್ಲಾದರೋ ಮನೆಯ ಆಯುಷ್ಯವು ನಿರ್ಧಾರವಾಗುವುದು ಆ ಬುಡದಲ್ಲಿಯೇ. ನೈಋತ್ಯ ಮಾರುತದ ತಿಂಗಳುಗಳಲ್ಲಿ ಮಳೆ ಬಿಡದೆ ಸುರಿಯುವ ಮೂಡಿಗೆರೆ ಸೀಮೆಯಲ್ಲಿ ನೆಲದ ತೇವವನ್ನು ಜನರು ಹೇಗೆ ಎದುರಿಸಿದರು, ಆ ಕ್ರಮವು ಹೇಗೆ ಮಾರ್ಪಟ್ಟಿತು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸುತ್ತೇವೆ.

ಮಣ್ಣು, ಇಟ್ಟಿಗೆ, ಜಂಬಿಟ್ಟಿಗೆಗಳಲ್ಲಿ ಅತಿ ಸೂಕ್ಷ್ಮವಾದ ರಂಧ್ರಗಳಿರುತ್ತವೆ. ಬತ್ತಿಯು ಎಣ್ಣೆಯನ್ನು ಸೆಳೆಯುವಂತೆ ಗೋಡೆಯು ಇವುಗಳ ಮೂಲಕ ನೆಲದ ನೀರನ್ನು ಮೇಲಕ್ಕೆ ಸೆಳೆಯುತ್ತದೆ. ನೀರು ಆರಿದೆಡೆಯಲ್ಲಿ ಅದರೊಡನೆ ಬಂದ ಲವಣಗಳು ಹರಳುಗಟ್ಟಿ ಗಾರೆಯನ್ನು ಉದುರಿಸುತ್ತವೆ.

ಹಳೆಯ ಮನೆಗಳ ರಕ್ಷಣೆಯು ಗೋಡೆಗೆ ಬಳಿದ ವಸ್ತುವಿನಲ್ಲಿರಲಿಲ್ಲ. ನೀರಿನ ದಾರಿಯನ್ನು ಮುರಿಯುವುದರಲ್ಲಿತ್ತು. ಮಣ್ಣಿನ ಗೋಡೆಯನ್ನು ಎತ್ತರವಾದ ಕಲ್ಲುಕಟ್ಟಿನ ಮೇಲೆ ನಿಲ್ಲಿಸುತ್ತಿದ್ದರು. ಸೂರನ್ನು ಮುಂದಕ್ಕೆ ಚಾಚಿ, ಅದರ ಕೆಳಗೆ ಜಗಲಿಯನ್ನು ಕಟ್ಟಿ, ಸೂರಿನ ನೀರು ನಿಲ್ಲದೆ ಹರಿದುಹೋಗಲು ಚರಂಡಿಯನ್ನು ತೆಗೆಯುತ್ತಿದ್ದರು. ಎರಚಲು ಹೊಡೆಯುವ ಕಡೆಗೆ ಅಡಕೆ ಸೋಗೆಯ ತಟ್ಟಿಯನ್ನು ಕಟ್ಟುತ್ತಿದ್ದರು. ದೇವಾಲಯಗಳ ಶಿಲಾಮಯ ಅಧಿಷ್ಠಾನವೂ ಗೋಡೆಯನ್ನು ನೆಲದಿಂದ ಮೇಲಕ್ಕೆತ್ತುತ್ತದೆ ಎಂಬುದು ಇಲ್ಲಿ ಸ್ಮರಣೀಯ.

೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಅನಂತರ ಘಟ್ಟದ ಮೇಲೂ ಮಂಗಳೂರು ಹೆಂಚು ಹುಲ್ಲು ಸೋಗೆಗಳ ಸ್ಥಾನವನ್ನು ಕ್ರಮೇಣ ಪಡೆಯಿತು. ಆದರೂ ಇಳಿಜಾರಾದ ಮಾಡು, ಚಾಚಿದ ಸೂರು, ಎತ್ತರದ ತಳಪಾಯಗಳು ಉಳಿದುದರಿಂದ ಹಳೆಯ ತತ್ತ್ವಕ್ಕೆ ಭಂಗ ಬರಲಿಲ್ಲ.

ಭಂಗ ಬಂದುದು ಸಿಮೆಂಟು ಗೋಡೆಯ ಮೈಗೆ ಏರಿದಾಗ. ಹಸಿ ಗೋಡೆಗೆ ಬಿಗಿಯಾದ ಸಿಮೆಂಟು ಗಾರೆಯನ್ನು ಬಳಿದರೆ ಕಲೆ ಕೆಲಕಾಲ ಮರೆಯಾಗುವುದು ನಿಜ; ಆದರೆ ಒಳಗಿನ ನೀರು ಆರಲು ದಾರಿಯಿಲ್ಲದೆ ಇನ್ನೂ ಮೇಲಕ್ಕೆ ಏರುತ್ತದೆ. ಗೋಡೆಗೆ ಗಾರೆಯ ರಕ್ಷಣೆ ಹೊಸ ಆಲೋಚನೆಯೇನೂ ಅಲ್ಲ. ಕ್ರಿ.ಪೂ. ೧ನೆಯ ಶತಮಾನದ ರೋಮನ್ ವಾಸ್ತುಕಾರ ವಿಟ್ರೂವಿಯಸನು ನೆಲದಿಂದ ಸುಮಾರು ೩ ಅಡಿಯವರೆಗೆ ಮರಳಿನ ಬದಲು ಮಡಕೆಚೂರಿನ ಗಾರೆಯನ್ನು ವಿಧಿಸಿದ್ದನು. ಕನ್ನಂಬಾಡಿ ಕಟ್ಟೆಗೆ ಬಳಸಿದ ಸುರ್ಕಿ ಗಾರೆಯೂ ಸುಣ್ಣಕ್ಕೆ ಸುಟ್ಟ ಮಣ್ಣಿನ ಪುಡಿಯನ್ನು ಬೆರೆಸಿದ ಇದೇ ಜಾತಿಯದು. ಆದರೆ ಗೋಡೆ ತೀರ ಒದ್ದೆಯಾಗಿದ್ದಲ್ಲಿ ವಿಟ್ರೂವಿಯಸನೂ ಗಾರೆಯೊಂದನ್ನೇ ನಂಬಲಿಲ್ಲ. ಒಳಗೆ ಇನ್ನೊಂದು ತೆಳುಗೋಡೆಯನ್ನೆಬ್ಬಿಸಿ, ನಡುವೆ ಗಾಳಿಯಾಡಲು ತೆರಪು ಬಿಡಬೇಕೆಂದನು.

ಹಾಗೆಂದು ಸಿಮೆಂಟನ್ನೇ ದೂಷಿಸುವುದು ನಮ್ಮ ಉದ್ದೇಶವಲ್ಲ. ಹೊಸ ಮನೆಯ ತಳಪಾಯಕ್ಕೂ ಗೋಡೆಗೂ ನಡುವೆ ನೀರು ತಡೆಯುವ ಅಡ್ಡ ಪದರವಾಗಿ ಹಾಸಿದಾಗ ಅದು ಉಪಕಾರಿಯೇ. ಹಳೆಯ ಮನೆಯಲ್ಲಾದರೆ ಮೊದಲು ಬುಡಕ್ಕೆ ಏರಿರುವ ಅಂಗಳದ ಮಣ್ಣನ್ನು ತಗ್ಗಿಸಿ, ಮುಚ್ಚಿಹೋದ ಚರಂಡಿಯನ್ನು ತೆರೆದು, ಬಳಿಕ ಸುಣ್ಣದ ಗಾರೆಯನ್ನು ಬಳಿಯುವುದು ಯುಕ್ತ. ತೋಟದ ಹಳೆಯ ಮನೆಗಳನ್ನು ಇಂದು ದುರಸ್ತಿ ಮಾಡಿಸುವವರು ಈ ಭೇದವನ್ನು ಅರಿಯದಿದ್ದರೆ, ಉಳಿಸಲು ಮಾಡಿದ ವೆಚ್ಚವೇ ಗೋಡೆಯ ನಾಶಕ್ಕೆ ಕಾರಣವಾದೀತು.